ಅಂಗಡಿಯ ಜಾಗ ಬದಲಾಯಿತು, ಗೂಗಲ್ ಮ್ಯಾಪ್‌ನಲ್ಲಿ ಹೆಸರು ಮಾಯವಾಯಿತು: ಮುಂದೇನು ಮಾಡಬೇಕು?

ಹಾಸನದಿಂದ ಮಾರನಹಳ್ಳಿವರೆಗಿನ 45 ಕಿಲೋಮೀಟರ್ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದು ಈ ಭಾಗದವರಿಗೆಲ್ಲ ಗೊತ್ತು. ರಸ್ತೆ ಅಗಲವಾಗುವ ಕಡೆಯೆಲ್ಲ ಬದಿಯ ಹೋಟೆಲು, ಗ್ಯಾರೇಜು, ಕಾಫಿಪುಡಿ ಅಂಗಡಿಗಳು ಹಿಂದಕ್ಕೆ ಸರಿಯಬೇಕಾಗುತ್ತದೆ, ಇಲ್ಲವೇ ಬೇರೆ ಕಟ್ಟಡ ಹುಡುಕಿಕೊಳ್ಳಬೇಕಾಗುತ್ತದೆ. ಅದರ ಮೇಲೆ ಮಳೆಗಾಲದ ಕಾಟ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮಲೆನಾಡಿನ ರಸ್ತೆ ಬದಿಯಲ್ಲಿ ವ್ಯಾಪಾರ ಮಾಡುವವರಿಗೆ ಜಾಗ ಬದಲಿಸುವುದು ಎಂದಾದರೊಮ್ಮೆ ಬಂದೇ ಬರುವ ಕೆಲಸ.

ಹೊಸ ಜಾಗಕ್ಕೆ ಸಾಮಾನು ಸಾಗಿಸಿ, ಪೂಜೆ ಮಾಡಿಸಿ, ಬಾಗಿಲು ತೆರೆದ ಮೇಲೆ ಮೊಬೈಲ್ ಕೈಗೆತ್ತಿಕೊಂಡು ಗೂಗಲ್‌ನಲ್ಲಿ ವಿಳಾಸ ತಿದ್ದುತ್ತಾರೆ. ಕೆಲವರಿಗೆ ಅದು ಸಲೀಸಾಗಿ ಆಗುತ್ತದೆ. ಇನ್ನು ಕೆಲವರಿಗೆ, ಪ್ರೊಫೈಲ್ ಸಸ್ಪೆಂಡ್ ಆಗಿದೆ ಎಂಬ ಇಮೇಲ್ ಬರುತ್ತದೆ. ಹುಡುಕಿದರೆ ಅಂಗಡಿಯ ಹೆಸರು ಸಿಗುವುದಿಲ್ಲ, ನಾಲ್ಕೈದು ವರ್ಷ ಗ್ರಾಹಕರು ಬರೆದ ವಿಮರ್ಶೆಗಳು ಕಾಣುವುದಿಲ್ಲ, ಫೋನ್ ನಂಬರೂ ಇಲ್ಲ. ಮಾರನಹಳ್ಳಿ ದಾಟಿದರೆ ಶಿರಾಡಿ ಘಾಟಿಯ ಇಳಿಜಾರು. ಮಂಗಳೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆ ಹೊರಟವರು ಘಾಟಿ ಇಳಿಯುವ ಮುಂಚೆ ಕಾಫಿಗೋ ಪಂಕ್ಚರ್‌ಗೋ ಎಲ್ಲಿ ನಿಲ್ಲಬೇಕೆಂದು ಈಗ ಫೋನಿನಲ್ಲೇ ನೋಡುತ್ತಾರೆ. ಅದರಲ್ಲಿ ಇಲ್ಲದ ಅಂಗಡಿಯ ಮುಂದೆ ಕಾರು ನಿಲ್ಲುವುದಿಲ್ಲ. ಆದ್ದರಿಂದ ಇದನ್ನು ಸಣ್ಣ ತಾಂತ್ರಿಕ ತೊಂದರೆ ಎಂದು ತಳ್ಳಿಹಾಕುವ ಹಾಗಿಲ್ಲ. ಇದು ನೇರವಾಗಿ ಗಲ್ಲಾಪೆಟ್ಟಿಗೆಯ ವಿಷಯ.

ಸಮಾಧಾನದ ಸಂಗತಿಯೆಂದರೆ, ವ್ಯಾಪಾರ ನಿಜವಾದದ್ದಾಗಿದ್ದು ಕಾಗದಪತ್ರ ಸರಿಯಿದ್ದರೆ ಪ್ರೊಫೈಲ್ ಮರಳಿ ಪಡೆಯಲು ದಾರಿ ಇದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಬೇಕಾಗಿರುವುದು ಸರಿಯಾದ ಕ್ರಮ. ಮೊದಲು ಬೋರ್ಡು, ಆಮೇಲೆ ಕಾಗದ, ಕೊನೆಗೆ ಗೂಗಲ್. ಹೆಚ್ಚಿನವರು ಮಾಡುವುದು ಇದರ ಉಲ್ಟಾ, ತೊಂದರೆ ಶುರುವಾಗುವುದೂ ಅಲ್ಲೇ.

ವಿಳಾಸ ಬದಲಿಸಿದರೆ ಸಸ್ಪೆಂಡ್ ಏಕೆ?

2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಹೆಸರು. ಅಂಗಡಿಯ ಸಮಯವನ್ನೋ ಫೋಟೋವನ್ನೋ ಬದಲಿಸಿದರೆ ಸಾಮಾನ್ಯವಾಗಿ ತಕರಾರು ಏಳುವುದಿಲ್ಲ. ಹೆಸರು, ವಿಳಾಸ, ವ್ಯವಹಾರದ ವರ್ಗ, ಈ ಮೂರಕ್ಕೆ ಕೈ ಹಾಕಿದರೆ ಮಾತ್ರ ಅದರ ತಪಾಸಣೆ ಬಿಗಿಯಾಗುತ್ತದೆ. ಇದಕ್ಕೆ ಕಾರಣವೂ ಇದೆ. ಒಳ್ಳೆಯ ವಿಮರ್ಶೆ ತುಂಬಿದ ಹಳೆಯ ಪ್ರೊಫೈಲನ್ನು ಯಾರಿಂದಲೋ ಕೊಂಡು, ವಿಳಾಸ ಬದಲಿಸಿ, ಬೇರೆಯದೇ ವ್ಯಾಪಾರಕ್ಕೆ ಬಳಸುವ ಮೋಸಗಾರರಿದ್ದಾರೆ. ಯಂತ್ರದ ಕಣ್ಣಿಗೆ ಅವರೂ ನೀವೂ ಒಂದೇ ರೀತಿ ಕಾಣುತ್ತೀರಿ: ಇದ್ದಕ್ಕಿದ್ದಂತೆ ಜಾಗ ಬದಲಾಗಿದೆ, ಹೊಸ ಜಾಗಕ್ಕೆ ಪುರಾವೆಯಿಲ್ಲ. ನೀವು ಬೇರೆ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅದು ನ್ಯಾಯವೇ ಎಂದು ಕೇಳಿದರೆ, ಹಳ್ಳಿಯ ಸಣ್ಣ ವ್ಯಾಪಾರಿಯ ಪಾಲಿಗೆ ಹೊರೆ ಜಾಸ್ತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ನಿಯಮ ಇರುವುದು ಹಾಗೆ.

ಇನ್ನೊಂದು ಮಾತು. ಪರದೆಯ ಮೇಲೆ ಕೆಂಪಕ್ಷರ ಕಂಡ ಕೂಡಲೇ ಅದು ಸಸ್ಪೆನ್ಷನ್ ಎಂದುಕೊಳ್ಳಬೇಡಿ. ವಿಳಾಸ ಬದಲಿಸಿದಾಗ ಮೂರು ಬೇರೆ ಬೇರೆ ಸ್ಥಿತಿಗಳು ಬರಬಹುದು. ನಿಮ್ಮ ತಿದ್ದುಪಡಿ ಪರಿಶೀಲನೆಯಲ್ಲಿದೆ ಎಂದಿದ್ದರೆ ಸುಮ್ಮನೆ ಕಾಯುವುದೇ ಕೆಲಸ. ಮತ್ತೆ ವೆರಿಫೈ ಮಾಡಿ ಎಂದಿದ್ದರೆ ಹೊಸ ಜಾಗದ ವಿಡಿಯೋ ಕಳಿಸಬೇಕು, ಅಪೀಲು ಬೇಕಿಲ್ಲ. ಸಸ್ಪೆಂಡ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅಪೀಲಿನ ದಾರಿ. ಯಾವುದು ಎಂದು ತಿಳಿಯಲು ಮಾಲೀಕರ ಜಿಮೇಲ್‌ಗೆ ಬಂದ ಪತ್ರವನ್ನು ಪೂರ್ತಿ ಓದಬೇಕು, ಸ್ಪ್ಯಾಮ್ ಪೆಟ್ಟಿಗೆಯನ್ನೂ ಬಿಡದೆ ನೋಡಬೇಕು.

ಇಲ್ಲೇ ಹಲವರ ಕಥೆ ನಿಂತುಬಿಡುತ್ತದೆ. ಪ್ರೊಫೈಲ್ ಮಾಡಿಕೊಟ್ಟದ್ದು ಬೆಂಗಳೂರಿನಲ್ಲಿರುವ ಅಣ್ಣನ ಮಗ, ಇಲ್ಲವೇ ಯಾವಾಗಲೋ ಬಂದುಹೋದ ಡಿಜಿಟಲ್ ಮಾರ್ಕೆಟಿಂಗ್ ಹುಡುಗ. ಜಿಮೇಲ್ ಅವನದು, ಪಾಸ್‌ವರ್ಡ್ ಅವನಿಗೇ ಗೊತ್ತು. ಮಾಲೀಕ ಅಥವಾ ಮ್ಯಾನೇಜರ್ ಎಂದು ನಮೂದಾದ ಖಾತೆಯಿಂದ ಮಾತ್ರ ಅಪೀಲು ಮಾಡಲು ಸಾಧ್ಯ. ಆ ವ್ಯಕ್ತಿಯನ್ನು ಹುಡುಕಿ ಲಾಗಿನ್ ಪಡೆಯುವುದು ಮೊದಲ ಕೆಲಸ. ಪ್ರೊಫೈಲ್ ಮರಳಿದ ಮೇಲೆ ನಿಮ್ಮದೇ ಜಿಮೇಲನ್ನು ಪ್ರಧಾನ ಮಾಲೀಕ ಎಂದು ಸೇರಿಸಿಕೊಳ್ಳುವುದು ಎರಡನೆಯದು. ಸ್ವಂತ ವ್ಯಾಪಾರದ ಕೀಲಿ ಇನ್ನೊಬ್ಬರ ಕಿಸೆಯಲ್ಲಿ ಇರಬಾರದು.

ಮಾರನಹಳ್ಳಿ ಯಾವ ಮಾರನಹಳ್ಳಿ?

ಪಟ್ಟಣದಲ್ಲಿ ಮನೆ ನಂಬರು, ಕ್ರಾಸು, ಮೇನು ಎಂದು ವಿಳಾಸಕ್ಕೊಂದು ಅಚ್ಚುಕಟ್ಟು ಇರುತ್ತದೆ. ನಮ್ಮಲ್ಲಿ "ಬಸ್ ಸ್ಟಾಪ್ ಎದುರು, ಹೆದ್ದಾರಿ ಪಕ್ಕ" ಎಂದರೆ ಪೋಸ್ಟ್‌ಮ್ಯಾನ್‌ಗೆ ಸಾಕು. ಗೂಗಲ್‌ಗೆ ಸಾಲದು. ಮಲೆನಾಡಿನ ಬಹಳಷ್ಟು ಅಪೀಲುಗಳು ಎಡವುವ ಜಾಗ ಇದೇ ಇರಬೇಕೆಂದು ನನಗನ್ನಿಸುವುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಹೆಸರಿನ ಗೊಂದಲ. ಬೆಂಗಳೂರಿನ ಜೆ.ಪಿ. ನಗರದ ಪಕ್ಕದಲ್ಲೂ ವಿಜಯನಗರದ ಹತ್ತಿರವೂ ಮಾರೇನಹಳ್ಳಿಗಳಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ನಮ್ಮ ಮಾರನಹಳ್ಳಿ ಅಲ್ಲಿಗೆ ಹೋಗಿ ಕೂರುತ್ತದೆ. ಹೀಗಾಗಿ ಊರಿನ ಹೆಸರಿನ ಜೊತೆ ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ ಎಂದು ಕಡ್ಡಾಯವಾಗಿ ಬರೆಯಿರಿ. ಸಕಲೇಶಪುರ ಎಂಬುದನ್ನೂ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುವ ರೂಢಿ ಇದೆ. ಕರೆಂಟ್ ಬಿಲ್ಲಿನಲ್ಲಿ ಒಂದು, ಜಿಎಸ್‌ಟಿ ಪತ್ರದಲ್ಲಿ ಇನ್ನೊಂದು, ಬೋರ್ಡಿನಲ್ಲಿ ಮತ್ತೊಂದು. ಮನುಷ್ಯ ಓದಿದರೆ ಅರ್ಥವಾಗುತ್ತದೆ. ಯಂತ್ರ ಹೋಲಿಸಿದರೆ ಬೇರೆ ಬೇರೆ ಎನ್ನಬಹುದು. ನಿಮ್ಮ ಅತಿ ಮುಖ್ಯ ದಾಖಲೆಯಲ್ಲಿ ಯಾವ ಕಾಗುಣಿತ ಇದೆಯೋ ಅದನ್ನೇ ಪ್ರೊಫೈಲ್‌ನಲ್ಲೂ ಹಾಕಿ.

ಎರಡನೆಯದು ಹೆದ್ದಾರಿಯ ನಂಬರು. ಈ ರಸ್ತೆ ಮೊದಲು ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು, ಈಗ 75. ಹಳೆಯ ಬಾಡಿಗೆ ಕರಾರು, ಹಳೆಯ ಲೆಟರ್‌ಹೆಡ್, ಹಳೆಯ ಬೋರ್ಡುಗಳಲ್ಲಿ 48 ಎಂದೇ ಉಳಿದಿರುತ್ತದೆ. ಇಂದು 48 ಎಂದರೆ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಮೂಲಕ ಹಾದುಹೋಗುವ ಬೇರೆಯದೇ ಹೆದ್ದಾರಿ. ವಿಳಾಸದಲ್ಲಿ 48 ಎಂದಿದ್ದು ಮ್ಯಾಪ್‌ನ ಪಿನ್ ಶಿರಾಡಿಯ ನೆತ್ತಿಯಲ್ಲಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ತಿದ್ದಿಸಿ, ಇಲ್ಲವಾದರೆ ಹೆದ್ದಾರಿಯ ನಂಬರನ್ನೇ ವಿಳಾಸದಿಂದ ಬಿಟ್ಟುಬಿಡಿ.

ಮೂರನೆಯದು ಪಿನ್‌ಕೋಡ್. ಸಕಲೇಶಪುರ ಪಟ್ಟಣದ್ದು 573134. ಅಭ್ಯಾಸಬಲದಿಂದ ಎಲ್ಲ ಹಳ್ಳಿಯವರೂ ಅದನ್ನೇ ಬರೆಯುತ್ತಾರೆ. ನಿಮ್ಮ ಟಪಾಲು ಯಾವ ಶಾಖಾ ಅಂಚೆ ಕಚೇರಿಯ ಮೂಲಕ ಬರುತ್ತದೆ, ಅದರ ಪಿನ್ ಯಾವುದು ಎಂದು ಅಂಚೆಯವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಬಾಗಿಲ ನಂಬರು ಇಲ್ಲದವರು ಗ್ರಾಮ ಪಂಚಾಯಿತಿಯ ಆಸ್ತಿ ನಂಬರನ್ನು ಬಳಸಬಹುದು. ಕಂದಾಯ ರಸೀದಿಯಲ್ಲಿ, ಇ-ಸ್ವತ್ತಿನ ನಮೂನೆ 9ರಲ್ಲಿ ಅದು ಇರುತ್ತದೆ. ಕಟ್ಟಡ ಬಾಡಿಗೆಯದಾದರೆ ಮಾಲೀಕರಿಂದ ಅದರ ಪ್ರತಿ ಕೇಳಿಕೊಳ್ಳಿ. ಜೊತೆಗೆ ಮ್ಯಾಪ್‌ನಲ್ಲಿ ಕೆಂಪು ಪಿನ್ನನ್ನು ಕೈಯಿಂದ ಎಳೆದು ನಿಮ್ಮ ಚಾವಣಿಯ ಮೇಲೇ ಕೂರಿಸಬೇಕು. ಸ್ಯಾಟಲೈಟ್ ನೋಟದಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ನಡುವೆ ಹೊಸ ಶೀಟಿನ ಚಾವಣಿ ಕಾಣದೇ ಹೋಗಬಹುದು. ಆಗ ಅಂಗಡಿಯೊಳಗೆ ನಿಂತು, ಫೋನಿನ ಲೊಕೇಶನ್ ಆನ್ ಮಾಡಿ, ನೀಲಿ ಚುಕ್ಕಿ ಎಲ್ಲಿ ನಿಲ್ಲುತ್ತದೆಂದು ನೋಡಿ ಅಲ್ಲಿ ಪಿನ್ ಇಡಿ. ರಸ್ತೆಯ ಆ ಬದಿಗೆ ಹೋದರೂ ತೊಂದರೆಯೇ. ನಾಲ್ಕು ಪಥದ ರಸ್ತೆಯಲ್ಲಿ ಗ್ರಾಹಕ ಮುಂದಿನ ಯು-ಟರ್ನ್‌ವರೆಗೆ ಹೋಗಿ ಬರಬೇಕಾಗುತ್ತದೆ.

ಕಾಗದಪತ್ರ ಯಾವುದು, ಯಾವ ಕ್ರಮದಲ್ಲಿ

ಅಪೀಲಿನ ವೇಳೆ ಗೂಗಲ್ ಕೇಳುವ ಪುರಾವೆಗಳು ಮುಖ್ಯವಾಗಿ ಮೂರು ಬಗೆ: ವ್ಯಾಪಾರದ ಅಧಿಕೃತ ನೋಂದಣಿ ಅಥವಾ ಪರವಾನಗಿ, ತೆರಿಗೆ ಪ್ರಮಾಣಪತ್ರ, ಮತ್ತು ಕರೆಂಟು, ನೀರು, ಫೋನು, ಇಂಟರ್ನೆಟ್‌ನಂಥ ಸೇವೆಗಳ ಬಿಲ್ಲು. ಎಲ್ಲದರಲ್ಲೂ ಒಂದೇ ಷರತ್ತು: ಅದರಲ್ಲಿರುವ ಹೆಸರು ಮತ್ತು ವಿಳಾಸ ಪ್ರೊಫೈಲ್‌ನಲ್ಲಿರುವುದಕ್ಕೆ ಹೊಂದಬೇಕು. ಹಳೆಯ ವಿಳಾಸದ ಜಿಎಸ್‌ಟಿ ಪತ್ರ ಎಷ್ಟೇ ಅಸಲಿಯಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.

ಜಿಎಸ್‌ಟಿ ಇರುವವರು ಮೊದಲು ಅಲ್ಲಿ ವಿಳಾಸ ತಿದ್ದಿಸಬೇಕು. ಮುಖ್ಯ ವ್ಯವಹಾರದ ಸ್ಥಳ ಬದಲಾದರೆ 15 ದಿನಗಳೊಳಗೆ ಆರ್‌ಇಜಿ-14 ನಮೂನೆಯಲ್ಲಿ ಅರ್ಜಿ ಹಾಕಬೇಕೆಂಬುದು ನಿಯಮ. ಬಾಡಿಗೆ ಕರಾರು, ಕಟ್ಟಡದ ಕರೆಂಟ್ ಬಿಲ್ಲು ಅಥವಾ ಕಂದಾಯ ರಸೀದಿ ಲಗತ್ತಿಸಬೇಕು. ಅಧಿಕಾರಿ ಒಪ್ಪಿದ ಮೇಲೆ ಆರ್‌ಇಜಿ-06 ಪ್ರಮಾಣಪತ್ರ ಹೊಸ ವಿಳಾಸದೊಂದಿಗೆ ಸಿಗುತ್ತದೆ. ಗೂಗಲ್‌ಗೆ ತೋರಿಸಲು ಅದಕ್ಕಿಂತ ಗಟ್ಟಿ ದಾಖಲೆ ಬೇರೆ ಬೇಕಿಲ್ಲ. ಗೂಗಲ್ ವಿಷಯ ಹಾಗಿರಲಿ, ಕಾನೂನಿನ ದೃಷ್ಟಿಯಿಂದಲೂ ಇದನ್ನು ಮುಂದೂಡಬಾರದು.

ಜಿಎಸ್‌ಟಿ ಇಲ್ಲದ ಸಣ್ಣ ಅಂಗಡಿಯವರು ಕಂಗಾಲಾಗಬೇಕಿಲ್ಲ. ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ ಇದೆ; ಸಕಲೇಶಪುರ, ಆಲೂರು ಪಟ್ಟಣದೊಳಗಿನವರಿಗೆ ಸ್ಥಳೀಯ ಪೌರಸಂಸ್ಥೆಯ ಪರವಾನಗಿ. ಹೋಟೆಲು, ಬೇಕರಿ, ಕಾಫಿಪುಡಿ ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಅದನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕುವುದೂ ಕಡ್ಡಾಯ. ಆ ಪರವಾನಗಿಯಲ್ಲಿ ಜಾಗದ ವಿಳಾಸ ನಮೂದಾಗಿರುತ್ತದೆ. ಜಾಗ ಬದಲಾದ ಮೇಲೆ ಹಳೆಯದನ್ನೇ ಗೋಡೆಗೆ ಹೊಡೆದು ಕೂರುವ ಹಾಗಿಲ್ಲ. ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿದ್ದರೆ ಅಲ್ಲೂ ಬದಲಾವಣೆ ತಿಳಿಸಬೇಕು. ಹೋಂಸ್ಟೇ ನಡೆಸುವವರ ಬಳಿ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದರೆ ಅದು ಒಳ್ಳೆಯ ಪುರಾವೆ.

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಮನೆಯಲ್ಲೇ ಕೂತು ವಿಳಾಸ ತಿದ್ದಬಹುದು. ಆದರೆ ಅದು ನಾವೇ ಘೋಷಿಸಿಕೊಂಡು ಪಡೆಯುವ ಪತ್ರ. ಅದೊಂದನ್ನೇ ನಂಬಿ ಅಪೀಲಿಗೆ ಹೋಗುವ ಬದಲು ಕರೆಂಟ್ ಬಿಲ್ಲಿನ ಜೊತೆಗಿಟ್ಟು ಕಳಿಸುವುದು ಲೇಸು. ಉದ್ಯಮ್ ಹೆಸರಿನಲ್ಲಿ ಶುಲ್ಕ ಕೇಳುವ ನಕಲಿ ಜಾಲತಾಣಗಳಿವೆ, ಹುಷಾರು.

ಕರೆಂಟ್ ಬಿಲ್ಲಿನದು ಸ್ವಲ್ಪ ಕಗ್ಗಂಟು. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಚೆಸ್ಕಾಂ. ಬಾಡಿಗೆ ಕಟ್ಟಡದಲ್ಲಿ ಆರ್.ಆರ್. ನಂಬರು ಕಟ್ಟಡದ ಮಾಲೀಕರ ಹೆಸರಿನಲ್ಲಿರುತ್ತದೆ, ಎಷ್ಟೋ ಕಡೆ ತೀರಿಹೋದ ಅವರ ತಂದೆಯ ಹೆಸರಿನಲ್ಲಿ. ಅಂಥ ಬಿಲ್ಲನ್ನು ಮಾತ್ರ ಕಳಿಸಿದರೆ ಅದು ಯಾರದೋ ಬಿಲ್ಲು ಎನಿಸಿಕೊಳ್ಳುತ್ತದೆ. ಇದಕ್ಕೆ ಸುಲಭದ ಉಪಾಯ, ಹೊಸ ಜಾಗಕ್ಕೆ ಅಂಗಡಿಯ ಹೆಸರಿನಲ್ಲೇ ಇಂಟರ್ನೆಟ್ ಸಂಪರ್ಕ ಹಾಕಿಸಿಕೊಳ್ಳುವುದು. ಸಂಪರ್ಕ ಹೇಗೂ ಬೇಕು, ಬಿಲ್ಲು ಪುರಾವೆಯಾಗುತ್ತದೆ. ಕರೆಂಟ್ ಬಿಲ್ಲನ್ನೇ ಕಳಿಸುವುದಾದರೆ ಅದೇ ಮಾಲೀಕರ ಹೆಸರಿರುವ ಬಾಡಿಗೆ ಕರಾರನ್ನು ಜೊತೆಗೆ ಸೇರಿಸಿ, ಎರಡೂ ಒಂದನ್ನೊಂದು ಹಿಡಿದು ನಿಲ್ಲುವಂತೆ ಮಾಡಿ.

ಬೋರ್ಡಿನ ಮಾತು. 2024ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕು. ಅದು ಸಂತೋಷದ ವಿಷಯ. ಪ್ರೊಫೈಲ್‌ನಲ್ಲಿ ಹೆಸರು ಇಂಗ್ಲಿಷಿನಲ್ಲಿದ್ದರೆ ಬೋರ್ಡಿನ ಉಳಿದ ಭಾಗದಲ್ಲಿ ಅದೇ ಹೆಸರು, ಅದೇ ಕಾಗುಣಿತದಲ್ಲಿ ಇರಲಿ. ಆಗ ಕನ್ನಡ ಬಾರದ ಪರಿಶೀಲಕನಿಗೂ ತಾಳೆ ನೋಡಲು ಸಾಧ್ಯ. ಬೋರ್ಡಿನ ಮೇಲೆ ಇಲ್ಲದ ಪದಗಳು ಪ್ರೊಫೈಲ್ ಹೆಸರಿನಲ್ಲಿ ಇರಲೇಬಾರದು. ಹೆಸರಿನ ಮುಂದೆ "ಸಕಲೇಶಪುರದ ಬೆಸ್ಟ್ ಹೋಂಸ್ಟೇ", "ವೆಜ್ ನಾನ್‌ವೆಜ್ ಫ್ಯಾಮಿಲಿ ರೆಸ್ಟೋರೆಂಟ್" ಎಂದು ಬಾಲಂಗೋಚಿ ಸೇರಿಸುವ ಚಾಳಿ ಇದೆ. ಇದು ಗೂಗಲ್ ನಿಯಮಕ್ಕೆ ವಿರುದ್ಧ. ವಿಳಾಸ ಬದಲಿಸಿದ್ದಕ್ಕೆ ತಪಾಸಣೆ ಶುರುವಾಗಿ, ಸಸ್ಪೆಂಡ್ ಆದದ್ದು ಈ ಬಾಲದಿಂದ ಎಂಬಂಥ ಪ್ರಸಂಗಗಳೂ ಇರುತ್ತವೆ. ಅಪೀಲಿಗೆ ಮುಂಚೆ ಬಾಲ ಕತ್ತರಿಸಿ.

ಮನೆಯಿಂದಲೇ ಕೆಲಸ ಮಾಡುವವರದು ಬೇರೆ ಲೆಕ್ಕ. ಎಸ್ಟೇಟಿಗೆ ಹೋಗಿ ಪಂಪ್‌ಸೆಟ್ ರಿಪೇರಿ ಮಾಡುವವರು, ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುವ ಜೀಪಿನವರು, ಇವರ ಮನೆ ಬಾಗಿಲಿಗೆ ಗ್ರಾಹಕ ಬರುವುದಿಲ್ಲ. ಅಂಥವರು ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶ ಮಾತ್ರ ತೋರಿಸಬೇಕು. 20 ಊರುಗಳವರೆಗೆ ಸೇರಿಸಬಹುದು. ಮನೆಯನ್ನು ಅಂಗಡಿಯೆಂದು ತೋರಿಸಿದ್ದೇ ಸಸ್ಪೆನ್ಷನ್‌ಗೆ ಕಾರಣವಾಗಿದ್ದರೆ, ಇದನ್ನು ಸರಿಪಡಿಸಿದ ಮೇಲೆಯೇ ಅಪೀಲು ಮಾಡಿ.

ಅಪೀಲಿನ ಆ ಒಂದು ಗಂಟೆ

ಈಗ ನಿಜವಾದ ಹೆಜ್ಜೆ. ಮಾಲೀಕರ ಜಿಮೇಲ್‌ನಿಂದ ಲಾಗಿನ್ ಆಗಿ ಗೂಗಲ್‌ನ ಬಿಸಿನೆಸ್ ಪ್ರೊಫೈಲ್ ಅಪೀಲ್ಸ್ ಟೂಲ್ ತೆರೆಯಬೇಕು. ಸಸ್ಪೆನ್ಷನ್ ಪತ್ರದಲ್ಲೇ ಅದರ ಕೊಂಡಿ ಇರುತ್ತದೆ. ನಿಮ್ಮ ಪ್ರೊಫೈಲ್ ಆರಿಸಿದರೆ ಯಾವ ನಿಯಮ ಮುರಿದಿದೆ ಎಂದು ಒಂದು ಸಾಲು ಕಾಣುತ್ತದೆ, ಕೆಳಗೆ ಅಪೀಲಿನ ಬಟನ್. ಅದನ್ನು ಒತ್ತುವ ಮೊದಲು ಮುಂದಿನ ವಿಷಯ ಗೊತ್ತಿರಲಿ.

ಅಪೀಲು ಸಲ್ಲಿಸಿದ ಮೇಲೆ ಪುರಾವೆ ಸೇರಿಸುವ ಕೊಂಡಿ ಕಾಣಿಸುತ್ತದೆ. ಅದನ್ನು ತೆರೆದು ದಾಖಲೆ ಸಲ್ಲಿಸಲು ಸಿಗುವ ಸಮಯ 60 ನಿಮಿಷ ಮಾತ್ರ. ಗಂಟೆ ಕಳೆದರೆ ಪುರಾವೆಯಿಲ್ಲದ ಅಪೀಲು ಎಂದೇ ಅದು ಪರಿಶೀಲನೆಗೆ ಹೋಗುತ್ತದೆ. ಬಟನ್ ಒತ್ತಿದ ಮೇಲೆ ಕರೆಂಟ್ ಬಿಲ್ಲು ಹುಡುಕಲು ಹೊರಟವರ ಪಾಡು ಏನಾಗುತ್ತದೆಂದು ಊಹಿಸಿ. ನೆಟ್‌ವರ್ಕ್ ಬಂದು ಹೋಗುವ, ಮಳೆ ಬಂದರೆ ಕರೆಂಟೇ ಇಲ್ಲದ ನಮ್ಮ ಕಡೆಯಂತೂ ಈ ಒಂದು ಗಂಟೆ ಬಹಳ ದುಬಾರಿ.

ಆದ್ದರಿಂದ ಎಲ್ಲ ದಾಖಲೆಗಳನ್ನೂ ಮುಂಚೆಯೇ ಸ್ಕ್ಯಾನ್ ಮಾಡಿಸಿ, ಓದಲು ಸ್ಪಷ್ಟವಾಗಿರುವ ಪಿಡಿಎಫ್ ಅಥವಾ ಫೋಟೋ ಮಾಡಿ ಒಂದೇ ಫೋಲ್ಡರಿನಲ್ಲಿಡಿ. ಅಂಗಡಿಯ ಮುಂಭಾಗದ ಫೋಟೋ, ಬೋರ್ಡಿನ ಫೋಟೋ, ಒಳಗಿನ ಫೋಟೋ ಕೂಡ ಇರಲಿ. ಫೋನಿಗಿಂತ ಕಂಪ್ಯೂಟರ್ ವಾಸಿ. ನಿಮ್ಮಲ್ಲಿ ಸಿಗ್ನಲ್ ನಂಬಲಾಗದಿದ್ದರೆ ಸಕಲೇಶಪುರಕ್ಕೆ ಹೋಗಿ ಒಳ್ಳೆಯ ಫೈಬರ್ ಸಂಪರ್ಕವಿರುವ ಕಡೆ ಕೂತು ಮಾಡಿ.

ವಿವರಣೆ ಬರೆಯಲು ಜಾಗ ಸಿಕ್ಕರೆ ನಾಲ್ಕು ಸಾಲು ಸಾಕು. ಇಂಥ ಅಂಗಡಿ, ಹಳೆಯ ವಿಳಾಸ ಇದು, ರಸ್ತೆ ಕಾಮಗಾರಿಯಿಂದ ಇಂಥ ತಿಂಗಳಲ್ಲಿ ಹೊಸ ವಿಳಾಸಕ್ಕೆ ಬಂದಿದ್ದೇವೆ, ಹೊಸ ಬೋರ್ಡು ಹಾಕಿದ್ದೇವೆ, ಹೊಸ ವಿಳಾಸದ ಪರವಾನಗಿ ಮತ್ತು ಬಿಲ್ಲು ಲಗತ್ತಿಸಿದ್ದೇವೆ. ಅಷ್ಟೇ. ಕೋಪ, ಗೋಳು, ನಷ್ಟದ ಲೆಕ್ಕ ಇವುಗಳನ್ನು ಬರೆದರೆ ಓದುವವನಿಗೆ ಬೇಕಾದ ಮಾಹಿತಿ ಅದರಡಿಯಲ್ಲಿ ಹೂತುಹೋಗುತ್ತದೆ.

ಸಾಮಾನ್ಯವಾಗಿ ಕೆಲವು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ, ತಡವಾಗುವುದೂ ಉಂಟು. ಈ ಅವಧಿಯಲ್ಲಿ ಪ್ರೊಫೈಲ್‌ನಲ್ಲಿ ಏನನ್ನೂ ಬದಲಿಸಬೇಡಿ, ಎರಡನೇ ಅಪೀಲು ಹಾಕಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸತ್ತು ಅದೇ ಹೆಸರಿನಲ್ಲಿ ಹೊಸ ಪ್ರೊಫೈಲ್ ಸೃಷ್ಟಿಸಬೇಡಿ. ಒಂದೇ ವ್ಯಾಪಾರಕ್ಕೆ ಎರಡು ಪ್ರೊಫೈಲ್ ಇರುವುದೇ ನಿಯಮದ ಉಲ್ಲಂಘನೆ. ಹೊಸದೂ ಸಸ್ಪೆಂಡ್ ಆಗುತ್ತದೆ, ಹಳೆಯದರ ವಿಮರ್ಶೆಗಳಿಗೂ ಕುತ್ತು ಬರುತ್ತದೆ. ಅಪೀಲು ತಿರಸ್ಕೃತವಾದರೆ ಇನ್ನೊಮ್ಮೆ ಪರಿಶೀಲಿಸಿ ಎಂದು ಕೇಳಿಕೊಳ್ಳುವ ಅವಕಾಶವನ್ನು ಗೂಗಲ್ ಕೊಡುತ್ತದೆ. ಆಗ ಮೊದಲಿನ ಕಾಗದಗಳನ್ನೇ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಯಾವುದರಲ್ಲಿ ವಿಳಾಸ ಹೊಂದಿಲ್ಲ ಎಂದು ಕೂತು ನೋಡಿ, ಅದನ್ನು ಸರಿಪಡಿಸಿಕೊಂಡೇ ಹೋಗಿ.

ಅಲ್ಲೂ ಆಗದಿದ್ದರೆ? 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ಹೊಂದಿರಲೇಬೇಕು. ಅವರಿಗೆ ಬರೆಯಿರಿ. ಅವರ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರ ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಸಲ್ಲಿಸಬಹುದು. ಈ ದಾರಿ ಇದೆಯೆಂದು ಬಹಳ ವ್ಯಾಪಾರಿಗಳಿಗೆ ಗೊತ್ತೇ ಇಲ್ಲ.

ವಿಡಿಯೋ ಕೇಳಿದರೆ

ಅಪೀಲು ಗೆದ್ದ ಮೇಲೂ ಹೊಸ ಜಾಗವನ್ನು ವಿಡಿಯೋ ಮೂಲಕ ವೆರಿಫೈ ಮಾಡಿ ಎಂದು ಕೇಳಬಹುದು. ಮೊದಲೇ ತೆಗೆದಿಟ್ಟ ವಿಡಿಯೋ ನಡೆಯುವುದಿಲ್ಲ. ಗೂಗಲ್ ತೆರೆದು ಅಲ್ಲಿಂದಲೇ ಫೋನಿನಲ್ಲಿ ಚಿತ್ರೀಕರಿಸಬೇಕು. ಎಲ್ಲೂ ನಿಲ್ಲಿಸದೆ, ಕತ್ತರಿಸದೆ, ಕನಿಷ್ಠ 30 ಸೆಕೆಂಡ್. ಮೂರು ಸಂಗತಿ ಅದರಲ್ಲಿ ಕಾಣಬೇಕು: ಜಾಗ ಎಲ್ಲಿದೆ, ಅಲ್ಲಿ ನಿಜವಾಗಿ ವ್ಯಾಪಾರ ನಡೆಯುತ್ತಿದೆಯೇ, ಅದನ್ನು ನಡೆಸುತ್ತಿರುವುದು ನೀವೇ ಹೌದೇ.

ಒಂದು ಕಾಫಿಪುಡಿ ಅಂಗಡಿ ಎಂದಿಟ್ಟುಕೊಳ್ಳಿ. ಹೆದ್ದಾರಿ ಬದಿಯಲ್ಲಿ, ವಾಹನಗಳಿಂದ ದೂರ, ಸುರಕ್ಷಿತವಾದ ಕಡೆ ನಿಂತು ಶುರು ಮಾಡಿ. ರಾಷ್ಟ್ರೀಯ ಹೆದ್ದಾರಿ 75ರ ಕಿಲೋಮೀಟರ್ ಕಲ್ಲೋ ಊರಿನ ಹೆಸರಿರುವ ಹಸಿರು ಫಲಕವೋ ಇದ್ದರೆ ಅದನ್ನು ಹಿಡಿಯಿರಿ. ನಿಧಾನವಾಗಿ ತಿರುಗಿ ಪಕ್ಕದ ಅಂಗಡಿಯ ಬೋರ್ಡು, ಬಸ್ ತಂಗುದಾಣ ತೋರಿಸಿ. ನಿಮ್ಮ ಬೋರ್ಡಿನ ಮುಂದೆ ಅಕ್ಷರ ಓದಲು ಸಿಗುವಷ್ಟು ಹೊತ್ತು ನಿಲ್ಲಿ. ಕೀಲಿ ಹಾಕಿ ಶಟರ್ ಎತ್ತಿ; ನೀವೇ ಮಾಲೀಕರು ಎನ್ನಲು ಇದಕ್ಕಿಂತ ಸರಳ ಪುರಾವೆ ಬೇಡ. ಒಳಗೆ ಹುರಿಯುವ ಡ್ರಮ್ಮು, ಪುಡಿ ಮಾಡುವ ಯಂತ್ರ, ಚಿಕೋರಿ ಚೀಲ, ತೂಕದ ತಕ್ಕಡಿ, ಅಂಗಡಿಯ ಹೆಸರು ಅಚ್ಚಾದ ಪ್ಯಾಕೆಟ್ಟು. ಗೋಡೆಯ ಮೇಲಿನ ಎಫ್‌ಎಸ್‌ಎಸ್‌ಎಐ ಪತ್ರ. ಗಲ್ಲಾಪೆಟ್ಟಿಗೆಯ ಬೀಗ ತೆಗೆದು, ಬಿಲ್ ಪುಸ್ತಕ ತೆರೆದು ತೋರಿಸಿ. ಯಾರ ಮುಖವೂ ಬೇಡ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಅಂತೂ ಬೇಡವೇ ಬೇಡ.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಂಜು ಕವಿದರೆ ಹತ್ತು ಅಡಿ ಆಚೆಯ ಬೋರ್ಡೂ ಕಾಣುವುದಿಲ್ಲ. ಸ್ವಲ್ಪ ಬಿಸಿಲು ಬಂದ ಹೊತ್ತು ನೋಡಿಕೊಂಡು ತೆಗೆಯಿರಿ. ಚಿತ್ರೀಕರಣ ಮುಗಿದ ಮೇಲೆ ಅಪ್‌ಲೋಡ್ ಆಗುವವರೆಗೆ ಆ ಪುಟ ಮುಚ್ಚಬೇಡಿ. ಹೊಸ ಜಾಗದಲ್ಲಿ ವೈಫೈ ಹಾಕಿಸಿಕೊಂಡಿದ್ದರೆ ಇಲ್ಲಿ ಅದರ ಫಲ ಸಿಗುತ್ತದೆ.

ಮರಳಿ ಬಂದ ಮೇಲೆ

ಪ್ರೊಫೈಲ್ ಮತ್ತೆ ಕಾಣಿಸಿಕೊಂಡ ದಿನ ಒಂದೆರಡು ಸಂಗತಿ ಪರೀಕ್ಷಿಸಿ. ಹಳೆಯ ಜಾಗದಲ್ಲಿ ನಿಮ್ಮದೇ ಹೆಸರಿನ ಇನ್ನೊಂದು ಗುರುತು ಉಳಿದಿದ್ದರೆ, "ಸಜೆಸ್ಟ್ ಆ್ಯನ್ ಎಡಿಟ್" ಮೂಲಕ ಅದು ಸ್ಥಳಾಂತರವಾಗಿದೆ ಎಂದು ತಿಳಿಸಿ. ವಿಮರ್ಶೆಗಳು ಬಂದಿವೆಯೇ ನೋಡಿ. ಗ್ಯಾರೇಜು, ಅಂಗಡಿಯಂಥವಕ್ಕೆ ಸಾಮಾನ್ಯವಾಗಿ ಬರುತ್ತವೆ. ಹೋಂಸ್ಟೇ, ಲಾಡ್ಜ್‌ನಂಥ ಜಾಗಕ್ಕೇ ಅಂಟಿದ ವ್ಯವಹಾರಗಳಲ್ಲಿ ಹಳೆಯ ವಿಮರ್ಶೆಗಳು ಜೊತೆಗೆ ಬರುವ ಖಾತ್ರಿ ಇಲ್ಲ. ಫೇಸ್‌ಬುಕ್, ಜಸ್ಟ್‌ಡಯಲ್, ಬುಕಿಂಗ್ ಆ್ಯಪ್‌ಗಳಲ್ಲೂ ವಿಳಾಸ ಅಕ್ಷರಕ್ಕೆ ಅಕ್ಷರ ಅದೇ ಇರಲಿ.

ಮುಂದೆ ಘಾಟಿ ಮುಚ್ಚಿದಾಗ ಒಂದು ಎಚ್ಚರಿಕೆ. 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟ್ ಕೆಲಸಕ್ಕಾಗಿ ಶಿರಾಡಿ ತಿಂಗಳುಗಟ್ಟಲೆ ಬಂದ್ ಆಗಿತ್ತು. ಅಂಥ ಸಂದರ್ಭದಲ್ಲಿ "ತಾತ್ಕಾಲಿಕವಾಗಿ ಮುಚ್ಚಿದೆ" ಎಂಬುದನ್ನು ಮಾತ್ರ ಆರಿಸಿ. ಜಾಗ ಬದಲಿಸುವಾಗಲೂ ಅಷ್ಟೇ: ಹಳೆಯದನ್ನು "ಶಾಶ್ವತವಾಗಿ ಮುಚ್ಚಿದೆ" ಎಂದು ಗುರುತಿಸಿ ಹೊಸದನ್ನು ತೆರೆಯುವ ಬದಲು ಇರುವ ಪ್ರೊಫೈಲ್‌ನಲ್ಲೇ ವಿಳಾಸ ತಿದ್ದಬೇಕು.

ಪ್ರೊಫೈಲ್ ಸಸ್ಪೆಂಡ್ ಆದವರಿಗೆ "ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಇಷ್ಟು ಹಣ ಕಟ್ಟಿದರೆ ಇವತ್ತೇ ಸರಿಮಾಡುತ್ತೇವೆ" ಎಂದು ಕರೆ ಬರುವುದುಂಟು. ಅಪೀಲಿಗೂ ವೆರಿಫಿಕೇಶನ್‌ಗೂ ಗೂಗಲ್ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ವೆರಿಫಿಕೇಶನ್ ಕೋಡನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಹೇಳಿದರೆ ಪ್ರೊಫೈಲೇ ಅವರ ಕೈಸೇರಬಹುದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.